ಕುಂದಾಪುರದಿಂದ ಡೊಂಬಿವಲಿಗೆ ಎಷ್ಟು ದೂರ?

ನಕಾಶೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದರೆ ಕುಂದಾಪುರದಿಂದ ಡೊಂಬಿವಲಿಗೆ ಸುಮಾರು 640 ಕಿಲೋಮೀಟರು. ಗಂಟೆಗೆ 800 ಕಿ.ಮೀ. ಹಾರುವ ವಿಮಾನಕ್ಕೆ ಅದು ಐವತ್ತು ನಿಮಿಷವೂ ಬೇಡದ ದಾರಿ. ಇಲ್ಲಿ ಚಾ ಕುಡಿದು ಹೊರಟರೆ ಅಲ್ಲಿ ಇಳಿಯುವಾಗ ಬಾಯಲ್ಲಿ ಚಾದ ರುಚಿ ಇನ್ನೂ ಇರಬೇಕು. ಆದರೆ ಕುಂದಾಪುರದಲ್ಲಿ ವಿಮಾನ ಹತ್ತುವಂತಿಲ್ಲ, ಡೊಂಬಿವಲಿಯಲ್ಲಿ ಇಳಿಯುವಂತಿಲ್ಲ. ಈ 640 ಕಿಲೋಮೀಟರನ್ನು ಕಾಗೆಯೊಂದು ಹಾರಿದರೆ ಹಾರೀತು, ನಾವು ಯಾರೂ ಹಾರಿದವರಲ್ಲ.

ಊರಿನಲ್ಲಿರುವವರಿಗೆ ಬೊಂಬಾಯಿ ಅಂದರೆ ಎಲ್ಲ ಒಂದೇ. ಡೊಂಬಿವಲಿ ಬೊಂಬಾಯಿಯಲ್ಲ, ಥಾಣೆ ದಾಟಿ, ಖಾಡಿ ದಾಟಿ, ಲೋಕಲ್ ರೈಲಿನಲ್ಲಿ ಉಸಿರು ಬಿಗಿಹಿಡಿದು ಮುಂದೆ ಹೋದರೆ ಸಿಗುವ ಊರು. ಫೋರ್ಟು, ಮಾಟುಂಗದ ಹೋಟೆಲುಗಳಲ್ಲಿ ದುಡಿದ ನಮ್ಮವರು ಸಂಸಾರ ಹೂಡುವ ಹೊತ್ತಿಗೆ ಅಲ್ಲಿ ಖೋಲಿ ಕೊಳ್ಳುವುದು ಕೈಗೆಟುಕದ ಮಾತಾಗಿತ್ತು. ಹಾಗೆ ಹಳಿಯ ಗುಂಟ ಉತ್ತರಕ್ಕೂ ಪೂರ್ವಕ್ಕೂ ಸರಿಯುತ್ತ ಬಂದವರಲ್ಲಿ ನಾನೂ ಒಬ್ಬ. ಈ ಎರಡು ಊರುಗಳ ನಡುವೆ ಐವತ್ತು ವರ್ಷ ಓಡಾಡಿದ ಮೇಲೆ ನನಗೆ ತಿಳಿದದ್ದೇನೆಂದರೆ, ಆ 640 ಎಂಬ ಅಂಕಿ ಒಮ್ಮೆಯೂ ಬದಲಾಗಲಿಲ್ಲ, ದೂರ ಮಾತ್ರ ನಾಲ್ಕೈದು ಸಲ ಬದಲಾಯಿತು. ಬದಲಾಯಿಸಿದ್ದು ಮಳೆ, ಘಟ್ಟ, ಹೊಳೆ. ಅವಕ್ಕಿಂತ ಹೆಚ್ಚಾಗಿ ಸರಕಾರಗಳು.

ಮೊದಲು ಇದ್ದದ್ದು ಸಮುದ್ರದ ದಾರಿ. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ಹೊಳೆಗಳು ಕೂಡಿ ಕಡಲು ಸೇರುವ ಗಂಗೊಳ್ಳಿ ಅಳಿವೆ ನಮ್ಮ ಮನೆಬಾಗಿಲ ಬಂದರು. ಹಾಯಿ ಕಟ್ಟಿದ ಮಂಜಿಗಳು ಹಂಚು, ತೆಂಗು ತುಂಬಿಕೊಂಡು ಉತ್ತರಕ್ಕೆ ಹೋಗುತ್ತಿದ್ದವು. ಮನುಷ್ಯರು ಹೋಗುವುದಕ್ಕೆ ಆಗಬೋಟು. ಹಳಬರು ಸ್ಟೀಮರಿಗೆ ಹೇಳುತ್ತಿದ್ದುದೇ ಹಾಗೆ, ಬೆಂಕಿಯಿಂದ ಓಡುವ ದೋಣಿ ಅಂತ. ಅದು ದಡಕ್ಕೆ ಬರುತ್ತಿರಲಿಲ್ಲ, ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು; ಸಣ್ಣ ದೋಣಿಯಲ್ಲಿ ಹೋಗಿ ಹತ್ತಬೇಕು. ಮುಂಗಾರು ಹಿಡಿಯಿತೋ, ಕಡಲು ಬಂದ್. ಜೂನಿನಲ್ಲಿ ಮುಚ್ಚಿದ ಬಾಗಿಲು ತೆರೆಯಲು ನೂಲಹುಣ್ಣಿಮೆಯ ಸಮುದ್ರಪೂಜೆ ಆಗಿ ಅಲೆ ಇಳಿಯಬೇಕು. ವರ್ಷದ ನಾಲ್ಕನೇ ಒಂದು ಭಾಗ ಕುಂದಾಪುರದಿಂದ ಬೊಂಬಾಯಿಗೆ ಇದ್ದ ನೇರ ದಾರಿ ಇಲ್ಲದೇ ಹೋಗುತ್ತಿತ್ತು.

ಹಾಗಾದರೆ ಕರಾವಳಿ ಗುಂಟ ನೆಲದ ಮೇಲೇ ಹೋಗಬಹುದಿತ್ತಲ್ಲ ಎಂದು ಕೇಳಬಹುದು. ಹೋಗಬಹುದಿತ್ತು, ನಡುವೆ ಗೋವಾ ಇಲ್ಲದಿದ್ದರೆ. 1961ರ ಡಿಸೆಂಬರಿನವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಕಾರವಾರ ದಾಟಿದರೆ ಪರದೇಶ! ಐವತ್ತರ ದಶಕದ ನಡುವಿನಲ್ಲಿ ಭಾರತ ಸರಕಾರ ದಿಗ್ಬಂಧನ ಹಾಕಿದ ಮೇಲಂತೂ ಗಡಿ ಬಿಗಿಯಾಯಿತು. ಗೋವಾ ಬಿಡುಗಡೆಯ ಚರಿತ್ರೆ ಓದುವಾಗ ನಾವು ಸತ್ಯಾಗ್ರಹಿಗಳನ್ನು ನೆನೆಯುತ್ತೇವೆ, ಸೈನ್ಯವನ್ನು ನೆನೆಯುತ್ತೇವೆ. ಆ ಒಂದು ತುಂಡು ನೆಲಕ್ಕಾಗಿ ನಮ್ಮ ಕಡೆಯ ಸಾವಿರಾರು ಹುಡುಗರು ಘಟ್ಟ ಹತ್ತಿ ಇಳಿದು ಸುತ್ತಿ ಬಳಸಿ ಬೊಂಬಾಯಿ ಸೇರಿದ್ದನ್ನು ಯಾರೂ ಬರೆದ ಹಾಗೆ ಕಾಣೆ.

ಇನ್ನೊಂದು ಗಡಿ ಇತ್ತು, ಅದು ಶಿರೂರಿನಲ್ಲಿ, ಬೈಂದೂರಿನಿಂದ ಆಚೆ. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಬ್ರಿಟಿಷರು ಬೊಂಬಾಯಿ ಪ್ರಾಂತಕ್ಕೆ ಸೇರಿಸಿದರು, ದಕ್ಷಿಣ ಭಾಗ ಮದರಾಸಿನಲ್ಲೇ ಉಳಿಯಿತು. ಭಟ್ಕಳದವರಿಗೆ ರಾಜಧಾನಿ ಬೊಂಬಾಯಿ, ಒಂದು ಹರದಾರಿ ಈಚೆಗಿದ್ದ ನಮಗೆ ಮದರಾಸು. ಒಂದೇ ಭಾಷೆ, ಒಂದೇ ಕಡಲು, ಒಂದೇ ಬಂಗುಡೆ ಮೀನು, ಕಾಗದಪತ್ರ ಮಾತ್ರ ಬೇರೆ ಬೇರೆ ದಿಕ್ಕಿಗೆ. ಅಂಕೋಲಾ, ಕುಮಟೆಯ ಹುಡುಗ ಓದಿಗೆ, ಸರಕಾರಿ ನೌಕರಿಗೆ ಬೊಂಬಾಯಿಗೆ ಹೋಗುವುದು ಅವನ ಪ್ರಾಂತದೊಳಗಿನ ಪಯಣ. ಯಶವಂತ ಚಿತ್ತಾಲರ ಕತೆಗಳಲ್ಲಿ ಹನೇಹಳ್ಳಿಯೂ ಮುಂಬಯಿಯೂ ಒಂದೇ ಮನೆಯ ಎರಡು ಕೋಣೆಗಳ ಹಾಗೆ ಕಾಣುವುದಕ್ಕೆ ಈ ಹಿನ್ನೆಲೆಯೂ ಒಂದು ಕಾರಣ ಅಂತ ನನ್ನ ಅನಿಸಿಕೆ. ನಮ್ಮ ತಾಲೂಕಿನವರ ಕಾನೂನು ಮದರಾಸಿನದು, ಅನ್ನ ಬೊಂಬಾಯಿಯದು. 1956ರಲ್ಲಿ ಎರಡು ಜಿಲ್ಲೆಗಳೂ ಮೈಸೂರು ರಾಜ್ಯಕ್ಕೆ ಬಂದಾಗ ಶಿರೂರಿನ ಗಡಿ ಅಳಿಯಿತು. ನಮ್ಮವರ ಬಸ್ಸು ಮಾತ್ರ ಹೋಗುತ್ತಿದ್ದ ಕಡೆಗೇ ಹೋಗುತ್ತಿತ್ತು.

ರೈಲಿನ ಕತೆ ಇನ್ನೂ ವಿಚಿತ್ರ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಬಂದದ್ದು ಕೇರಳದ ಕಡೆಯಿಂದ. ಮದರಾಸು ಪ್ರಾಂತದ ಪಶ್ಚಿಮದ ತುದಿಗೆ ಮದರಾಸಿನಿಂದ ಎಳೆದ ಹಳಿ ಅದು. ಅಲ್ಲಿಗೇ ಕೊನೆ. ಉತ್ತರಕ್ಕೆ ಒಂದು ಅಡಿಯೂ ಮುಂದೆ ಹೋಗದೆ ಎಂಬತ್ತೈದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ನಿಂತಿತ್ತು. ಮಂಗಳೂರಿನಿಂದ ಉತ್ತರದ ಬೊಂಬಾಯಿಗೆ ರೈಲಿನಲ್ಲಿ ಹೋಗಬೇಕಾದವನು ಮೊದಲು ದಕ್ಷಿಣಕ್ಕೆ ಹೊರಡಬೇಕು. ಪಾಲಕ್ಕಾಡು, ಅಲ್ಲಿಂದ ಪೂರ್ವಕ್ಕೆ ತಮಿಳುನಾಡು, ಮತ್ತೆ ಮೇಲೆ ಗುಂತಕಲ್ಲು, ರಾಯಚೂರು, ಸೊಲ್ಲಾಪುರ, ಪುಣೆ. ಆ ದಾರಿ 2041 ಕಿ.ಮೀ., 41 ಗಂಟೆ ಎಂದು ಮುಂದೆ ಕೊಂಕಣ ರೈಲ್ವೆಯವರು ಲೆಕ್ಕ ಕೊಟ್ಟರು. ಮಂಗಳೂರಿನ ವಿಮಾನ ನಿಲ್ದಾಣದಿಂದ ಮುಂಬಯಿ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಸುಮಾರು 715 ಕಿ.ಮೀ. ಅಂದರೆ ರೈಲು ಅದರ ಮೂರರಷ್ಟು ಸುತ್ತುತ್ತಿತ್ತು. ಅದರಲ್ಲೂ ಕುಂದಾಪುರದವನು ಆ ರೈಲು ಹತ್ತಲು ಮೊದಲು ತೊಂಬತ್ತು ಕಿಲೋಮೀಟರು ತಿರುಗಾ ದಕ್ಷಿಣಕ್ಕೆ ಬರಬೇಕು. ಯಾರು ಹೋಗ್ತಾರೆ ಹೇಳಿ?

ನನ್ನ ದೊಡ್ಡಪ್ಪ ಹೋದದ್ದು ಘಟ್ಟದ ಮೇಲಿನ ದಾರಿಯಲ್ಲಿ. ನಲವತ್ತರ ದಶಕದ ಮಾತು. ಹೆಬ್ರಿ, ಸೋಮೇಶ್ವರ ಹಿಡಿದು ಆಗುಂಬೆ ಘಾಟಿ ಹತ್ತಿ ಶಿವಮೊಗ್ಗ. ಶಿವಮೊಗ್ಗದಿಂದ ಬೀರೂರಿಗೆ ಸಣ್ಣ ರೈಲು. ಬೀರೂರಿನಲ್ಲಿ ಬೆಂಗಳೂರಿನಿಂದ ಪುಣೆಗೆ ಹೋಗುವ ಮೀಟರ್ ಗೇಜ್ ಗಾಡಿ ಸಿಗುವವರೆಗೆ ಪ್ಲಾಟ್‌ಫಾರಮ್ಮಿನಲ್ಲಿ ಮಲಗುವುದು. ಹರಿಹರ, ಹುಬ್ಬಳ್ಳಿ, ಲೋಂಡಾ, ಬೆಳಗಾವಿ, ಮಿರಜ್ ದಾಟಿ ಪುಣೆ. ಅಲ್ಲಿ ಹಳಿಯ ಅಗಲ ಬೇರೆ, ಗಾಡಿ ಬೇರೆ. ಗಂಟುಮೂಟೆ ಇಳಿಸಿ ಬ್ರಾಡ್‌ಗೇಜ್ ಹತ್ತಿ ಬೋರಿಬಂದರು. ನಾಲ್ಕನೆಯ ದಿನ ಬೆಳಿಗ್ಗೆ ಇಳಿದೆ ಅಂತ ಅವರು ಹೇಳುತ್ತಿದ್ದರು. ಇಳಿದವರು ಆರು ವರ್ಷ ತಿರುಗಿ ಊರಿಗೆ ಹೋಗಲಿಲ್ಲ. ಹಣ ಇರಲಿಲ್ಲ ಅನ್ನುವುದು ನಿಜ. ಹೋಟೆಲಿನ ಹುಡುಗನಿಗೆ ಸೇಟು ಕೊಡುವ ಹದಿನೈದು ದಿನದ ರಜೆಯಲ್ಲಿ ಹೋಗಿಬರಲಿಕ್ಕೇ ಎಂಟು ದಿನ ಬೇಕು ಅನ್ನುವುದೂ ಅಷ್ಟೇ ನಿಜ.

ಮುಂಬಯಿಯಲ್ಲಿ ನಮ್ಮವರ ಜಾತಿ ಸಂಘಗಳು, ಭಾಷಾ ಸಂಘಗಳು ಅಷ್ಟು ಬೇಗ ಹುಟ್ಟಿಕೊಂಡದ್ದನ್ನು ಈ ದೂರದ ಜೊತೆಗಿಟ್ಟು ನೋಡಬೇಕು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು. ಕರ್ನಾಟಕ ಸಂಘ 1933ರದು. ಹಗಲು ಹೋಟೆಲಿನಲ್ಲಿ ಟೇಬಲ್ಲು ಒರೆಸಿ ರಾತ್ರಿ ಕನ್ನಡ ಶಾಲೆಗೆ ಹೋಗುವ ಹುಡುಗರಿಗಾಗಿ ರಾತ್ರಿಶಾಲೆಗಳು ನಡೆದವು. ಊರಿಗೆ ಹೋಗುವುದು ಆರು ವರ್ಷಕ್ಕೊಮ್ಮೆ ಅಂತಾದರೆ ಊರನ್ನೇ ಇಲ್ಲಿಗೆ ತರಬೇಕಾಗುತ್ತದೆ. ನವರಾತ್ರಿಗೆ ಭಜನೆ, ತಾಳಮದ್ದಳೆ, ಯಕ್ಷಗಾನ ಎಲ್ಲ ಮುಂಬಯಿಯಲ್ಲಿ ಬೇರುಬಿಟ್ಟದ್ದು ಬರೀ ಸಂಸ್ಕೃತಿಪ್ರೇಮದಿಂದ ಅಂತ ಭಾಷಣದಲ್ಲಿ ಹೇಳಿದರೆ ಚಂದ ಕೇಳುತ್ತದೆ. ರೈಲಿಲ್ಲದ್ದೂ ಒಂದು ಕಾರಣ.

ನಾನು ಬಂದದ್ದು 1974ರಲ್ಲಿ, ಆಗ ಬಸ್ಸಿನ ಕಾಲ. ಕರಾವಳಿಯ ರಸ್ತೆಯಲ್ಲಿ ಅಂಕೋಲೆಯವರೆಗೆ ಹೋಗಿ, ಅರೆಬೈಲು ಘಾಟಿ ಹತ್ತಿ ಯಲ್ಲಾಪುರ, ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಸಾತಾರ, ಪುಣೆ, ಖಂಡಾಲ ಘಾಟು. ಬೆಳಿಗ್ಗೆ ಹತ್ತಿದವನು ಮರುದಿನ ಮಧ್ಯಾಹ್ನದ ಹೊತ್ತಿಗೆ ಚೆಂಬೂರಿನಲ್ಲಿ ಇಳಿದರೆ ಪುಣ್ಯ. ಬಸ್ಸಿನ ಮಾಡಿನ ಮೇಲೆ ಕುಚ್ಚಲಕ್ಕಿ ಮೂಟೆ, ಹಪ್ಪಳದ ಡಬ್ಬಿ, ಮಿಡಿ ಉಪ್ಪಿನಕಾಯಿಯ ಭರಣಿ, ಒಣಮೀನಿನ ಕಟ್ಟು. ಒಂದು ಮಾತು ಗಮನಿಸಿ, ಇವೆಲ್ಲ ಕೆಡದ ಸಾಮಾನು. ದೊಡ್ಡಪ್ಪನ ಕಾಲದಿಂದ ನನ್ನ ಕಾಲದವರೆಗೂ ಊರಿನಿಂದ ಬೊಂಬಾಯಿಗೆ ಬಂದದ್ದೆಲ್ಲ ಒಣಗಿದ್ದು, ಉಪ್ಪು ಹಾಕಿದ್ದು, ಬಿಸಿಲು ಕಂಡದ್ದು. ಹಸಿಯಾದದ್ದು ಯಾವುದೂ ಆ ದೂರವನ್ನು ದಾಟಲಿಲ್ಲ.

ಸುದ್ದಿ ಮಾತ್ರ ನಮಗಿಂತ ಬೇಗ ಓಡುತ್ತಿತ್ತು. ಅದೇ ದೊಡ್ಡ ಕಷ್ಟ. 1983ರ ಜುಲೈಯಲ್ಲಿ ನನಗೆ ಟೆಲಿಗ್ರಾಂ ಬಂತು, ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೇಟ್ಲಿ’. ಸೀರಿಯಸ್ ಅಂದರೆ ಏನು ಅಂತ ಬೊಂಬಾಯಿಯ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಹುಡುಗನಿಗೂ ಗೊತ್ತಿತ್ತು. ತಂತಿ ಕೆಲವೇ ಗಂಟೆಯಲ್ಲಿ ಬಂದಿತ್ತು. ಅದು ಬಂದ ದಾರಿಯಲ್ಲಿ ನಾನು ವಾಪಸು ಹೋಗಲು ಎರಡು ದಿನ ಬೇಕಾಯಿತು. ಘಾಟಿಯಲ್ಲಿ ಮರ ಬಿದ್ದು ಬಸ್ಸು ಅರ್ಧ ರಾತ್ರಿ ನಿಂತಿತ್ತು. ಮಳೆಯಲ್ಲಿ ಹೆಣ ಎಷ್ಟು ಹೊತ್ತು ಇಟ್ಟುಕೊಳ್ಳುತ್ತಾರೆ? ತಮ್ಮ ಕಿಚ್ಚು ಇಟ್ಟಾಗಿತ್ತು. ನಾನು ಅಂಗಳಕ್ಕೆ ಕಾಲಿಟ್ಟಾಗ ಅಬ್ಬಿ ಕೇಳಿದ್ದು ಒಂದೇ ಮಾತು: ‘ಉಂಡ್ಕಂಡ್ ಬಂದ್ಯಾ ಮಗಾ?’ ನನ್ನ ಓರಗೆಯ ಮುಂಬಯಿಯವರಲ್ಲಿ ಅಪ್ಪನ ಕೊನೆಯ ಮುಖ ನೋಡಿದವರು ಕಡಿಮೆ. ಬೊಜ್ಜಕ್ಕೆ ಮುಟ್ಟಿದೆ ಅನ್ನುವುದೇ ನಮ್ಮಲ್ಲಿ ಒಂದು ಸಮಾಧಾನದ ಮಾತಾಗಿತ್ತು.

ವಿಮಾನ ಇರಲಿಲ್ಲವೇ? ಇತ್ತು. ಬಜ್ಪೆಯ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು. ನೆಹರೂ ಡಕೋಟಾ ವಿಮಾನದಲ್ಲಿ ಬಂದು ಇಳಿದರು. ಡಕೋಟಾ ಗಂಟೆಗೆ ಮುನ್ನೂರು ಕಿ.ಮೀ. ಆಸುಪಾಸಿನಲ್ಲಿ ಹಾರುವ ಗಾಡಿ. ಲೆಕ್ಕ ಹಾಕಿದರೆ ಬೊಂಬಾಯಿ–ಮಂಗಳೂರು ನೇರ ಹಾರಾಟಕ್ಕೆ ಎರಡೂವರೆ ಗಂಟೆ. ಅಂದರೆ ಇತ್ತ ಗೋವಾದ ಗಡಿಯಲ್ಲಿ ದಾರಿ ಮುಚ್ಚಿದ್ದ ಕಾಲದಲ್ಲೇ, ಅತ್ತ ಕಲ್ಲಿದ್ದಲ ಗಾಡಿಯಲ್ಲಿ ಬೀರೂರಿನ ಬೂದಿ ಮೆತ್ತಿಕೊಂಡು ನಮ್ಮವರು ನಾಲ್ಕು ದಿನ ಕಳೆಯುತ್ತಿದ್ದ ಕಾಲದಲ್ಲೇ, ತಲೆಯ ಮೇಲೆ ಎರಡೂವರೆ ಗಂಟೆಯ ದಾರಿಯೊಂದು ತೆರೆದಿತ್ತು. ಯಾರಿಗೆ ಅನ್ನುವುದು ಬೇರೆ ಪ್ರಶ್ನೆ. ನಮ್ಮ ಸೇಟು ವರ್ಷಕ್ಕೊಮ್ಮೆ ವಿಮಾನದಲ್ಲಿ ಊರಿಗೆ ಹೋಗಿ ಬಂದರೆ ಆ ಸುದ್ದಿ ಗಲ್ಲೆಯಿಂದ ಅಡಿಗೆಮನೆಯವರೆಗೆ ಒಂದು ವಾರ ಓಡಾಡುತ್ತಿತ್ತು. ಬಜ್ಪೆಯ ಹಳೆಯ ರನ್‌ವೇ 1615 ಮೀಟರಿನದು, ಗುಡ್ಡದ ನೆತ್ತಿ ಕಡಿದು ಮಾಡಿದ್ದು, ಎರಡೂ ತುದಿಗೆ ಕಮರಿ. ಅದಕ್ಕಿಂತ ಉದ್ದದ, 2450 ಮೀಟರಿನ ರನ್‌ವೇ ಬಂದದ್ದು 2006ರಲ್ಲಿ. ಆ ಹೊಸ ರನ್‌ವೇಯ ತುದಿ ದಾಟಿಯೇ 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಕಮರಿಗೆ ಬಿದ್ದು 158 ಮಂದಿ ಸತ್ತರು. ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳಿಗೆ ಅದು ಇಂದಿಗೂ ಹಳೆಯ ಸುದ್ದಿಯಲ್ಲ.

ಮುಖ್ಯ ಬದಲಾವಣೆ ತಂದದ್ದು ಆಕಾಶದ ದಾರಿಯಲ್ಲ, ಕೊಂಕಣ ರೈಲು. ಮುಂಬಯಿಯ ಕಡೆಯಿಂದ ಹಳಿ ಅಂಗುಲ ಅಂಗುಲವಾಗಿ ತೆವಳುತ್ತಿತ್ತು. ಡೊಂಬಿವಲಿಯ ಪಕ್ಕದ ದಿವಾ ಜಂಕ್ಷನ್ನಿನಿಂದ ಪನ್ವೇಲಿಗೆ, ಪನ್ವೇಲಿನಿಂದ ಆಪ್ಟಾಕ್ಕೆ, 1986ರ ಹೊತ್ತಿಗೆ ರೋಹಾಕ್ಕೆ. ದಿನಾ ಲೋಕಲ್ಲಿನಲ್ಲಿ ದಿವಾ ದಾಟುವಾಗ ದಕ್ಷಿಣಕ್ಕೆ ತಿರುಗುವ ಆ ಜೋಡಿ ಹಳಿಯನ್ನು ನೋಡುತ್ತಿದ್ದೆ. ಅದು ನಮ್ಮ ಮನೆಯ ದಿಕ್ಕಿಗೆ ಹೋಗಿ ರಾಯಗಡ ಜಿಲ್ಲೆಯಲ್ಲೇ ನಿಂತುಬಿಡುತ್ತದಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು.

ಕೊಂಕಣದ ಸಂಸದರಾಗಿದ್ದ ನಾಥ್ ಪೈ, ಅವರ ನಂತರ ಮಧು ದಂಡವತೆ, ಇಬ್ಬರೂ ಈ ರೈಲಿಗಾಗಿ ಹಟ ಹಿಡಿದವರು. 1989ರ ಕೊನೆಗೆ ವಿ.ಪಿ. ಸಿಂಗ್ ಸರಕಾರ ಬಂದಾಗ ದಂಡವತೆ ಹಣಕಾಸು ಮಂತ್ರಿ, ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ನಾಯಕರಾದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿ. ಊರಿನ ದಾರಿಯ ಕಷ್ಟ ಮೈಮೇಲೆ ಅನುಭವಿಸಿದವರೇ ಆ ಎರಡು ಕುರ್ಚಿಗಳಲ್ಲಿ ಕೂತದ್ದು ಒಂದು ಯೋಗ. 1990ರ ಜುಲೈಯಲ್ಲಿ ಕೊಂಕಣ ರೈಲ್ವೆ ಕಾರ್ಪೊರೇಶನ್ ಹುಟ್ಟಿತು, ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ ಪಾಲು ಹಾಕಿದವು, ಉಳಿದದ್ದನ್ನು ಬಾಂಡು ಮಾರಿ ಎತ್ತಿದರು. ಆ ಸರಕಾರ ವರ್ಷ ತುಂಬುವ ಮೊದಲೇ ಬಿತ್ತು, ರೈಲು ಬೀಳಲಿಲ್ಲ.

ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿ.ಮೀ. ತೊಂಬತ್ತಕ್ಕೂ ಹೆಚ್ಚು ಸುರಂಗ, ಸಣ್ಣದು ದೊಡ್ಡದು ಸೇರಿ ಎರಡು ಸಾವಿರದ ಹತ್ತಿರ ಸೇತುವೆ. ರತ್ನಾಗಿರಿಯ ಬಳಿಯ ಕರಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರು. ಪಾನ್ವಲ್ ಹೊಳೆಯ ಮೇಲಿನ ಸೇತುವೆ 64 ಮೀಟರು ಎತ್ತರ, ಮೇಲಿನಿಂದ ನೋಡಿದರೆ ತೆಂಗಿನಮರ ಕೊತ್ತಂಬರಿ ಸೊಪ್ಪಿನ ಹಾಗೆ ಕಾಣುತ್ತದೆ. ಸಹ್ಯಾದ್ರಿಯ ಗಟ್ಟಿ ಕಲ್ಲು ಅವರನ್ನು ಅಷ್ಟು ಕಾಡಲಿಲ್ಲ. ಕಾಡಿದ್ದು ಗೋವಾದ ಪೆಡ್ಣೆಯ ಮೆತ್ತಗಿನ ಮಣ್ಣು. ಕೊರೆದಷ್ಟೂ ಕುಸಿಯುತ್ತಿದ್ದ ಆ ಸುರಂಗವೇ ಕೊನೆಯವರೆಗೆ ಬಾಕಿ ಉಳಿಯಿತು. ನಮ್ಮ ಕಡೆ ಮಂಗಳೂರು–ಉಡುಪಿ ನಡುವೆ 1993ರ ಮಾರ್ಚಿನಲ್ಲೇ ಗಾಡಿ ಓಡಿತು. ಪೂರ್ತಿ ದಾರಿ ತೆರೆದದ್ದು 1998ರ ಜನವರಿ 26ರಂದು. 2041 ಕಿ.ಮೀ. ಇದ್ದ ಮುಂಬಯಿ–ಮಂಗಳೂರು ರೈಲುದಾರಿ 914 ಆಯಿತು, 41 ಗಂಟೆ ಇದ್ದದ್ದು 15 ಎಂದು ಜಾಹೀರು ಮಾಡಿದರು. ಹೆಸರು ಕೊಂಕಣದ್ದಾದರೂ ಹಳಿಯ ಮೂರನೇ ಒಂದು ಪಾಲಿಗಿಂತ ಹೆಚ್ಚು, 270 ಕಿ.ಮೀ. ಮೀರಿ, ಇರುವುದು ಕರ್ನಾಟಕದಲ್ಲಿ. ಇದನ್ನು ನಾವು ಯಾಕೋ ಗಟ್ಟಿಯಾಗಿ ಹೇಳಿಕೊಳ್ಳುವುದಿಲ್ಲ.

ಆ ವರ್ಷವೇ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬಂತು. ಮಧ್ಯಾಹ್ನ ಕುರ್ಲಾ ಬಿಟ್ಟು, ಥಾಣೆಯಲ್ಲಿ ನಮ್ಮಂಥ ದೂರದ ಉಪನಗರದವರನ್ನು ಹತ್ತಿಸಿಕೊಂಡು, ಅದೇ ದಿವಾದಲ್ಲಿ ಬಲಕ್ಕೆ ಹೊರಳಿ, ಮಾರನೆ ದಿನ ಬೆಳಕು ಹರಿಯುವ ಹೊತ್ತಿಗೆ ಕುಂದಾಪುರ. ನಿಲ್ದಾಣ ಪೇಟೆಯಲ್ಲಿಲ್ಲ, ಮೂಡ್ಲಕಟ್ಟೆಯಲ್ಲಿ. ರಿಕ್ಷಾದವರು ಕೇಳುವ ಬಾಡಿಗೆಗೂ ರೈಲಿನ ಟಿಕೇಟಿಗೂ ಒಂದಕ್ಕೊಂದು ಸ್ಪರ್ಧೆ ಅಂತ ಎಲ್ಲರೂ ಬೈಯುತ್ತಾರೆ, ಬೈಯುತ್ತಲೇ ಹತ್ತುತ್ತಾರೆ.

ಆಗ ಮೊದಲ ಸಲ ಹಸಿಯಾದದ್ದು ಬರತೊಡಗಿತು. ಬಸಳೆ ಕಟ್ಟು, ಕೆಸುವಿನ ಎಲೆ, ಹಿಂದಿನ ದಿನ ಬಲೆಗೆ ಬಿದ್ದ ಮೀನು ಐಸಿನಲ್ಲಿ, ಬಾಳೆನಾರಿನಲ್ಲಿ ಕಟ್ಟಿದ ಶಂಕರಪುರ ಮಲ್ಲಿಗೆಯ ಚೆಂಡು. ನನ್ನ ಹೆಂಡತಿ ಮಲ್ಲಿಗೆಯನ್ನು ಮೂಗಿಗೆ ಹಿಡಿದು, ‘ಇನ್ನ್ ಊರಿಗ್ ಹೋಪ್ದೇ ಬ್ಯಾಡ’ ಅಂದದ್ದು ತಮಾಷೆಗೇ ಇರಬೇಕು. ತಮಾಷೆಯಲ್ಲೂ ಒಂದಿಷ್ಟು ಸತ್ಯ ಇತ್ತು. ದಾರಿ ಸಣ್ಣದಾದ ಹಾಗೆ ಊರಿನಲ್ಲಿ ಉಳಿಯುವ ದಿನಗಳೂ ಸಣ್ಣವಾದವು. ಮೊದಲು ಎರಡು ವರ್ಷಕ್ಕೊಮ್ಮೆ ಹೋದರೆ ಒಂದು ತಿಂಗಳು. ಗದ್ದೆ ನಾಟಿಗೋ ಕೊಯ್ಲಿಗೋ ಕೈಹಾಕಿ, ಮೂರು ಆಟ ನೋಡಿ, ನಾಲ್ಕು ಮದುವೆ ಉಂಡು ಬರುತ್ತಿದ್ದೆವು. ಈಗ ವರ್ಷಕ್ಕೆ ಮೂರು ಸಲ, ಒಂದೊಂದು ಸಲ ಮೂರು ದಿನ. ಕೂಡಿಸಿ ನೋಡಿ, ಎರಡು ವರ್ಷಕ್ಕೆ ಹದಿನೆಂಟು ದಿನ. ಊರಿನ ಪೇಟೆಯಲ್ಲಿ ಸಿಕ್ಕವರು, ‘ಹ್ವಾಯ್, ಯಾವತ್ತ್ ಬಂದದ್ದ್?’ ಅಂದ ಬೆನ್ನಿಗೇ ‘ಯಾವತ್ತ್ ಹೊರಡುದ್?’ ಅಂತ ಕೇಳುತ್ತಾರೆ. ಮೊದಲು ಈ ಎರಡು ಪ್ರಶ್ನೆಗಳ ನಡುವೆ ಹದಿನೈದು ದಿನ ಇರುತ್ತಿತ್ತು.

ಆದರೂ ಈ ವೇಗಕ್ಕೆ ನಾನು ಋಣಿ. 2009ರಲ್ಲಿ ಅಬ್ಬಿ ಹೋದಾಗ ತಮ್ಮನ ಫೋನು ಬಂದದ್ದು ರಾತ್ರಿ ಎಂಟಕ್ಕೆ. ಮತ್ಸ್ಯಗಂಧ ಹೊರಟು ಹೋಗಿತ್ತು. ಬೆಳಗಿನ ವಿಮಾನಕ್ಕೆ ಮಗ ಟಿಕೇಟು ಮಾಡಿದ. ನಸುಕಿಗೆ ಮನೆ ಬಿಟ್ಟವನು ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಂಗಳದಲ್ಲಿದ್ದೆ. ಕಾದಿದ್ದರು. ಕಿಚ್ಚು ನಾನೇ ಇಟ್ಟೆ.

ಗಾಳಿಯಲ್ಲಿ ಒಂದೂವರೆ ಗಂಟೆ, ಉಳಿದ ಆರೇಳು ಗಂಟೆ ನೆಲದ ಮೇಲೆ ಅನ್ನುವುದು ಈ ಪಯಣದ ಲೆಕ್ಕ. ಡೊಂಬಿವಲಿಯಿಂದ ಘಾಟ್ಕೋಪರಿಗೆ ಲೋಕಲ್, ಅಲ್ಲಿಂದ 2014ರಲ್ಲಿ ಶುರುವಾದ ಮೆಟ್ರೋ, ವಿಮಾನ ನಿಲ್ದಾಣದಲ್ಲಿ ಎರಡು ಗಂಟೆ ಕಾಯುವುದು, ಬಜ್ಪೆಯಿಂದ ಕುಂದಾಪುರಕ್ಕೆ ತೊಂಬತ್ತು ಕಿಲೋಮೀಟರಿನ ಟ್ಯಾಕ್ಸಿ. ಹಾರುವ ಹೊತ್ತನ್ನು ಅರ್ಧ ಮಾಡಿದರೂ ನಮ್ಮಂಥ ಊರುಗಳಿಗೆ ಉಳಿಯುವುದು ಮುಕ್ಕಾಲು ಗಂಟೆ ಮಾತ್ರ. ದೊಡ್ಡ ಊರಿನಿಂದ ದೊಡ್ಡ ಊರಿಗೆ ಹೋಗುವವರ ಲೆಕ್ಕವೇ ಬೇರೆ.

ಮಳೆಯಂತೂ ತನ್ನ ಹಕ್ಕು ಬಿಟ್ಟುಕೊಟ್ಟಿಲ್ಲ. 2003ರ ಜೂನ್ 22ರ ರಾತ್ರಿ ವೈಭವವಾಡಿಯ ಹತ್ತಿರ ಹಳಿಯ ಮೇಲೆ ಬಂಡೆ ಉರುಳಿ, ಕಾರವಾರದಿಂದ ಮುಂಬಯಿಗೆ ಹೋಗುತ್ತಿದ್ದ ರಜಾಕಾಲದ ಗಾಡಿ ಅದಕ್ಕೆ ಬಡಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಅದೇ ಜೂನಿನಲ್ಲಿ ಕರಂಜಾಡಿಯ ಬಳಿ ಸೇತುವೆಯಿಂದ ಮತ್ಸ್ಯಗಂಧವೇ ಬಿತ್ತು. ಈಗ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ, ಗಾಡಿ ನಿಧಾನ. 2022ರಲ್ಲಿ ಪೂರ್ತಿ ದಾರಿ ವಿದ್ಯುತ್ತಿಗೆ ಬಂದರೂ ಗುಡ್ಡ ಕುಸಿದರೆ ಡೀಸೆಲ್ಲೂ ಒಂದೇ, ಕರೆಂಟೂ ಒಂದೇ. ರಸ್ತೆಯ ಕತೆ ಬೇರೆಯಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ (ಇದು ಬೈಂದೂರಿನ ಶಿರೂರಲ್ಲ) ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು, ಚಹಾದಂಗಡಿಯೊಂದು ಮನೆಯವರ ಸಮೇತ ಹೋಯಿತು. ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ಹೊಳೆಯ ಹಳೆಯ ಸೇತುವೆ ಬಿತ್ತು. ಹೊಳೆ ದಾಟಲು ಜಂಗಲ್ಲಿಗೆ ಕಾಯುತ್ತಿದ್ದ ಕಾಲ ನೆನಪಿದ್ದ ಮುದುಕರು ಆ ವಾರ ನನಗೆ ಫೋನು ಮಾಡಿ ಆಗಬೋಟಿನ ಕತೆಯನ್ನೂ ಸೇರಿಸಿ ಹೇಳಿದರು.

ರೈಲಿನ ಮುಂಗಡ ಟಿಕೇಟು 2024ರ ನವೆಂಬರಿನಿಂದ 60 ದಿನದ ಮೊದಲಷ್ಟೇ ತೆರೆಯುತ್ತದೆ, ಮೊದಲು 120 ದಿನ ಇತ್ತು. ಚೌತಿಯ ವಾರಕ್ಕೆ ಅದು ತೆರೆದ ಕೆಲವೇ ನಿಮಿಷಕ್ಕೆ ವೇಟಿಂಗ್ ಲಿಸ್ಟು. ವಿಮಾನದ ದರ ಆ ವಾರ ಕೇಳುವುದೇ ಬೇಡ. ಹೀಗಾಗಿ ಚೌತಿಗೆ ನಾವು ಈಗಲೂ ಬಸ್ಸೇ. ಸೀಟಿನ ಬದಲು ಮಲಗುವ ಹಾಸಿಗೆ ಇದೆ, ಮಾಡಿನ ಮೇಲೆ ಅಕ್ಕಿಮೂಟೆ ಇಲ್ಲ. ದಾರಿ ಮಾತ್ರ ಅದೇ: ಸಾತಾರ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ. ಯಲ್ಲಾಪುರ ದಾಟಿ ಅರೆಬೈಲು ಇಳಿಯುವಾಗ ಬೆಳಗಾಗಿರುತ್ತದೆ, ಗಾಜು ಸರಿಸಿದರೆ ಸೆಕೆಯ ಗಾಳಿ ಬರುತ್ತದೆ.